ಬರೆ ಜರಿದು ಸರ್ವರ್ ಹೋಯಿತು, 6 ವರ್ಷದ ಲೆಕ್ಕ ವಾಪಸ್ ತರುವುದು ಹೇಗೆ?

ಪ್ರಶ್ನೆ: ಕೊಡಗಿನ ಸಿದ್ದಾಪುರದ ಹತ್ತಿರ ನಮ್ಮದೊಂದು ಕಾಫಿ, ಕರಿಮೆಣಸು ಖರೀದಿ ಅಂಗಡಿ ಇದೆ. ಜುಲೈ 14ರ ರಾತ್ರಿ ಆಫೀಸಿನ ಹಿಂದಿನ ಬರೆ (ಕಡಿದಾದ ಮಣ್ಣಿನ ದಿಬ್ಬ) ಜರಿದು ಗೋಡೆ ಬಿತ್ತು. ಯಾರಿಗೂ ಏನೂ ಆಗಲಿಲ್ಲ. ಆದರೆ ಸರ್ವರ್ ಕಂಪ್ಯೂಟರ್, ಅದರ ಪಕ್ಕದಲ್ಲೇ ಇದ್ದ ಬ್ಯಾಕಪ್ ಹಾರ್ಡ್ ಡಿಸ್ಕ್ ಎರಡೂ ಕೆಸರಿನಲ್ಲಿ ಹೂತುಹೋದವು. ದಿನಾ ರಾತ್ರಿ 11ಕ್ಕೆ ಗೂಗಲ್ ಡ್ರೈವ್‌ಗೆ ಬ್ಯಾಕಪ್ ಹೋಗುತ್ತಿತ್ತು. ಈಗ ತೆಗೆದು ನೋಡಿದರೆ ಜುಲೈ 3ರ ಫೈಲ್ 38 ಎಂಬಿ ಇದೆ, 4ರಿಂದ ಮುಂದಿನವೆಲ್ಲ ಬರೀ 20 ಬೈಟ್. ಅಕೌಂಟೆಂಟ್ ಹತ್ತಿರ ಮಾರ್ಚ್ 31ರ ಕಾಪಿ ಪೆನ್‌ಡ್ರೈವ್‌ನಲ್ಲಿದೆ. ಉಬುಂಟು ಲಿನಕ್ಸ್ ಮೇಲೆ ಮೈಎಸ್‌ಕ್ಯೂಎಲ್ 8 ಅನ್ನುವ ಡೇಟಾಬೇಸ್ ಇತ್ತು. ತುಂಬಾ ಬೆಳೆಗಾರರು ಕಾಫಿ ಕೊಟ್ಟು ರೇಟ್ ಆಮೇಲೆ ಮಾಡಿಕೊಳ್ಳುತ್ತಾರೆ. ಯಾರದ್ದು ಎಷ್ಟು ಚೀಲ ನಮ್ಮಲ್ಲಿದೆ ಅನ್ನುವ ಲೆಕ್ಕವೆಲ್ಲ ಅದರಲ್ಲೇ ಇತ್ತು. ಹೊಸ ಕಂಪ್ಯೂಟರ್ ತಂದಿದ್ದೇವೆ. ಎಲ್ಲಿಂದ ಶುರು ಮಾಡಲಿ? ಕೆಸರಿನ ಡಿಸ್ಕ್ ಒಣಗಿಸಿ ಹಾಕಿ ನೋಡಬಹುದಾ?

ಉತ್ತರ: ಇದನ್ನು ಪೂರ್ತಿ ಓದುವ ಮೊದಲೇ ಒಂದು ಕೆಲಸ ಮಾಡಿ. ಜುಲೈ 3ರ ಆ 38 ಎಂಬಿ ಫೈಲನ್ನು ಡ್ರೈವ್‌ನಿಂದ ಇಳಿಸಿ ಎರಡು ಪೆನ್‌ಡ್ರೈವ್‌ಗೆ ಹಾಕಿ. ಒಂದು ನಿಮ್ಮ ಮನೆಯಲ್ಲಿರಲಿ, ಇನ್ನೊಂದು ಬೇರೆ ಊರಿನಲ್ಲಿರುವ ನಂಬಿಕಸ್ಥರ ಕೈಯಲ್ಲಿರಲಿ. ಇಷ್ಟು ಅವಸರ ಯಾಕೆ ಅಂದರೆ, ಇಂಥ ಬ್ಯಾಕಪ್ ಸ್ಕ್ರಿಪ್ಟ್‌ಗಳಲ್ಲಿ ಸಾಮಾನ್ಯವಾಗಿ "ಇಷ್ಟು ದಿನಕ್ಕಿಂತ ಹಳೆಯ ಫೈಲ್ ಅಳಿಸು" ಅಂತ ಒಂದು ಸಾಲು ಇರುತ್ತದೆ. ನಾಳೆ ಸಾಫ್ಟ್‌ವೇರ್‌ನವರು ಬಂದು ಹಳೇ ಸ್ಕ್ರಿಪ್ಟನ್ನು ಹೊಸ ಕಂಪ್ಯೂಟರ್‌ಗೆ ಹಾಗೇ ಹಾಕಿದರೆ, ಅದು ಮೊದಲ ರಾತ್ರಿಯೇ ನಿಮ್ಮ ಕೊನೆಯ ಒಳ್ಳೇ ಫೈಲನ್ನು ಹಳೆಯದು ಅಂತ ಅಳಿಸಿಬಿಡಬಹುದು. ಡ್ರೈವ್‌ನ ಟ್ರ್ಯಾಶ್‌ನಲ್ಲಿ ಅಳಿಸಿದ ಫೈಲ್‌ಗಳು 30 ದಿನ ಇರುತ್ತವೆ. ಅಲ್ಲೂ ಒಮ್ಮೆ ನೋಡಿ, ಜೂನ್ ತಿಂಗಳ ಕೆಲವು ಫೈಲ್ ಸಿಕ್ಕರೆ ಅವನ್ನೂ ಎತ್ತಿಟ್ಟುಕೊಳ್ಳಿ. ಮಾರ್ಚ್ 31ರ ಪೆನ್‌ಡ್ರೈವ್ ಕೂಡ ಕಾಪಿ ಆಗಲಿ.

ಇನ್ನು ಕೆಸರಿನ ಡಿಸ್ಕ್. ದಯವಿಟ್ಟು ಒಣಗಿಸಿ ಹಾಕಬೇಡಿ. ಮಳೆಗಾಲದಲ್ಲಿ ಬಟ್ಟೆ ಇಟ್ಟ ಹಾಗೆ ಒಲೆ ಪಕ್ಕ ಇಡುವುದು, ಹೇರ್ ಡ್ರೈಯರ್ ಹಿಡಿಯುವುದು, ಅಕ್ಕಿ ಡಬ್ಬದಲ್ಲಿ ಹೂತಿಡುವುದು ಯಾವುದೂ ಬೇಡ. ಹಾರ್ಡ್ ಡಿಸ್ಕ್ ಒಳಗೆ ತಟ್ಟೆಯ ಮೇಲೆ ತೇಲುವ ಹೆಡ್‌ಗೂ ತಟ್ಟೆಗೂ ನಡುವಿನ ಜಾಗ ತಲೆಕೂದಲಿನ ದಪ್ಪಕ್ಕಿಂತ ಸಾವಿರಾರು ಪಟ್ಟು ಕಡಿಮೆ. ಕೆಸರಿನ ಒಂದು ಕಣ ಒಳಗಿದ್ದು ತಟ್ಟೆ ತಿರುಗಿದರೆ ಗೀರು ಬೀಳುತ್ತದೆ. ಗೀರು ಬಿದ್ದ ಕಡೆಯ ಡೇಟಾ ಯಾರಿಂದಲೂ ತರಲು ಆಗುವುದಿಲ್ಲ. ಒಣಗಿದರೆ ಮಣ್ಣು ಇನ್ನೂ ಗಟ್ಟಿಯಾಗಿ ಹಿಡಿಯುತ್ತದೆ. ಹಾಗಾಗಿ ಎರಡೂ ಡಿಸ್ಕನ್ನು ಇದ್ದ ಹಾಗೇ, ಒದ್ದೆ ಬಟ್ಟೆಯಲ್ಲಿ ಸುತ್ತಿ, ಗಾಳಿಯಾಡದ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಬೆಂಗಳೂರಿನ ಡೇಟಾ ರಿಕವರಿ ಲ್ಯಾಬ್‌ಗೆ ಕಳಿಸಿ. "ಕರೆಂಟ್ ಕೊಟ್ಟಿಲ್ಲ, ತೆರೆದಿಲ್ಲ" ಅಂತ ಚೀಟಿ ಬರೆದು ಅಂಟಿಸಿ. ಖರ್ಚು ಎಷ್ಟು ಅಂತ ಮೊದಲೇ ಕೇಳಿ. ಅಲ್ಲಿಂದ ಉತ್ತರ ಬರುವವರೆಗೆ ಕೈಕಟ್ಟಿ ಕೂರುವುದು ಬೇಡ. ಡಿಸ್ಕ್ ಸಿಗುವುದೇ ಇಲ್ಲ ಅಂತ ತಿಳಿದುಕೊಂಡೇ ಇಲ್ಲಿನ ಕೆಲಸ ಶುರು ಮಾಡಿ.

ಆ 20 ಬೈಟ್ ವಿಷಯ ಹೇಳಿಬಿಡುತ್ತೇನೆ, ಯಾಕೆಂದರೆ ಇದನ್ನು ನಾನು ಮತ್ತೆ ಮತ್ತೆ ನೋಡುತ್ತಿದ್ದೇನೆ. ಜಿಜಿಪ್ ಅನ್ನುವ ಕುಗ್ಗಿಸುವ ಪ್ರೋಗ್ರಾಂಗೆ ಏನನ್ನೂ ಕೊಡದೆ ಸುಮ್ನೆ ಓಡಿಸಿದರೂ ಅದು ಒಂದು ಫೈಲ್ ಮಾಡಿ ಕೊಡುತ್ತದೆ. ಅದರ ಗಾತ್ರ ಸರಿಯಾಗಿ 20 ಬೈಟ್. ಅಂದರೆ ನಿಮ್ಮದು ಖಾಲಿ ಡಬ್ಬ, ಮುಚ್ಚಳ ಮಾತ್ರ ಇದೆ. ಜುಲೈ 4ರಂದು ಯಾರಾದರೂ ಬಂದು ಡೇಟಾಬೇಸ್ ಪಾಸ್‌ವರ್ಡ್ ಬದಲಾಯಿಸಿದರಾ, ಅಪ್‌ಡೇಟ್ ಮಾಡಿದರಾ, ವಿಚಾರಿಸಿ. ನನ್ನ ಊಹೆ ಅದೇ. ಡಂಪ್ ಮಾಡುವ, ಅಂದರೆ ಇಡೀ ಡೇಟಾಬೇಸನ್ನು ಒಂದು ಫೈಲಿಗೆ ಬರೆದಿಡುವ ಪ್ರೋಗ್ರಾಂಗೆ ಡೇಟಾಬೇಸ್ ಒಳಗೆ ಹೋಗಲು ಆಗಲಿಲ್ಲ, ಅದು ಏನೂ ಬರೆಯದೆ ನಿಂತಿತು. ಅದರ ಮುಂದಿದ್ದ ಜಿಜಿಪ್ ಮಾತ್ರ ತನ್ನ ಕೆಲಸ ಸರಿಯಾಗಿ ಮುಗಿಸಿತು. ಹೀಗೆ ಎರಡು ಪ್ರೋಗ್ರಾಂಗಳನ್ನು ಪೈಪ್‌ನಿಂದ ಜೋಡಿಸಿದಾಗ ಕೊನೆಯದು ಗೆದ್ದರೆ ಇಡೀ ಸಾಲು ಗೆದ್ದಂತೆ ಲಿನಕ್ಸ್ ಲೆಕ್ಕ ಹಾಕುತ್ತದೆ. ಅದಕ್ಕೇ 11 ರಾತ್ರಿ ಎಲ್ಲ ಸರಿಯಾಗಿದೆ ಅಂತಲೇ ಕಂಡಿತು.

ನಿಮ್ಮ ಮೇಲೆ ನೀವು ಸಿಟ್ಟು ಮಾಡಿಕೊಳ್ಳಬೇಡಿ. ಗಿಟ್‌ಲ್ಯಾಬ್ ಅನ್ನುವ ದೊಡ್ಡ ಕಂಪನಿಗೂ 2017ರ ಜನವರಿ 31ರಂದು ಇದೇ ಆಯಿತು. ಎಂಜಿನಿಯರ್ ಒಬ್ಬರು ತಪ್ಪು ಸರ್ವರ್‌ನಲ್ಲಿ ಡೇಟಾಬೇಸ್ ಫೋಲ್ಡರ್ ಅಳಿಸಿದರು, ಸುಮಾರು 300 ಜಿಬಿ. ಬ್ಯಾಕಪ್‌ಗೆ ಅಂತ ಇಟ್ಟಿದ್ದ ಐದು ದಾರಿಯಲ್ಲಿ ಒಂದೂ ಸರಿಯಾಗಿ ಕೈಹಿಡಿಯಲಿಲ್ಲ. ಡಂಪ್ ಪ್ರೋಗ್ರಾಂನ ವರ್ಷನ್ ಬೇರೆಯಾಗಿದ್ದರಿಂದ ಅದು ದಿನಾ ಸೋಲುತ್ತಿತ್ತು, ಸೋತಿದೆ ಅಂತ ಹೇಳುವ ಇಮೇಲ್ ಕೂಡ ಯಾರಿಗೂ ತಲುಪುತ್ತಿರಲಿಲ್ಲ. ಅದಕ್ಕೆ 6 ಗಂಟೆ ಮುಂಚೆ ಬೇರೆ ಯಾವುದೋ ಕೆಲಸಕ್ಕೆ ಅಂತ ಕೈಯಾರೆ ತೆಗೆದಿದ್ದ ಒಂದು ಕಾಪಿ ಅವರನ್ನು ಉಳಿಸಿತು. ಆ 6 ಗಂಟೆಯ ಡೇಟಾ ಹೋಯಿತು. ಅವರು ಎಲ್ಲವನ್ನೂ ಬಿಚ್ಚಿ ಬರೆದು ಪ್ರಕಟಿಸಿದರು, ಅದರಿಂದ ನಮ್ಮಂಥವರು ತುಂಬಾ ಕಲಿತೆವು.

ಈಗ ಫೈಲ್ ತೆರೆಯೋಣ. ಮೊದಲು ಜಿಜಿಪ್‌ಗೆ ಮೈನಸ್ ಟಿ ಕೊಟ್ಟು ಫೈಲ್ ಕೆಟ್ಟಿಲ್ಲ ಅಂತ ಖಚಿತ ಮಾಡಿಕೊಳ್ಳಿ. ಆಮೇಲೆ ಬಿಚ್ಚಿ, ಅದರ ಕೊನೆಯ ಸಾಲು ನೋಡಿ. "ಡಂಪ್ ಕಂಪ್ಲೀಟೆಡ್ ಆನ್" ಅಂತ ಇದ್ದು ತಾರೀಖು, ಗಂಟೆ ಇರಬೇಕು. ಆ ಸಾಲು ಇಲ್ಲ ಅಂದರೆ ಡಂಪ್ ಅರ್ಧಕ್ಕೆ ನಿಂತಿದೆ, 38 ಎಂಬಿ ಇದ್ದರೂ ಪೂರ್ತಿ ಅಲ್ಲ. ಹಾಗಾಗಿದ್ದರೆ 2ರ ಫೈಲ್ ತೆಗೆಯಿರಿ. ಮೇಲಿನ ಸಾಲುಗಳಲ್ಲಿ ಸರ್ವರ್ ವರ್ಷನ್ ಇರುತ್ತದೆ. ಮೊಟ್ಟಮೊದಲ ಸಾಲಿನಲ್ಲಿ 10.13 ಅಂತ ಕಂಡು ಗಾಬರಿ ಆಗಬೇಡಿ, ಅದು ಡಂಪ್ ಪ್ರೋಗ್ರಾಂನ ಸ್ವಂತ ನಂಬರ್. "ಸರ್ವರ್ ವರ್ಷನ್" ಅಂತ ಕೆಳಗೆ ಬೇರೆಯೇ ಬರೆದಿರುತ್ತದೆ, ಹೊಸ ಕಂಪ್ಯೂಟರ್‌ನಲ್ಲಿ ಅದನ್ನೇ ಹಾಕಿ. ಮೈಎಸ್‌ಕ್ಯೂಎಲ್‌ನಿಂದಲೇ ಕವಲೊಡೆದ ಮಾರಿಯಾಡಿಬಿ ಅನ್ನುವ ಡೇಟಾಬೇಸ್ ಒಂದೇ ಅಲ್ವಾ ಅಂತ ಅದನ್ನು ಹಾಕಬೇಡಿ. ಮೈಎಸ್‌ಕ್ಯೂಎಲ್ 8ರ ಅಕ್ಷರ ಜೋಡಣೆಯ ನಿಯಮದ ಹೆಸರುಗಳು ಮಾರಿಯಾಡಿಬಿಯ ಹಳೇ ವರ್ಷನ್‌ಗಳಿಗೆ ಗೊತ್ತಿಲ್ಲ, ಮೊದಲ ಟೇಬಲ್‌ಗೇ ತಕರಾರು ಮಾಡುತ್ತದೆ. ಟೈಮ್‌ಝೋನ್ ಭಾರತದ್ದೇ ಇರಲಿ. ಯುಟಿಸಿ (ಜಾಗತಿಕ ಸಮಯ) ಇದ್ದರೆ ರಾತ್ರಿ 11ರ ಬ್ಯಾಕಪ್ ನಮ್ಮ ಬೆಳಗಿನ ಜಾವ 4.30ಕ್ಕೆ ಓಡುತ್ತದೆ, ಬಿಲ್ಲಿನ ಗಂಟೆಯೂ ತಪ್ಪುತ್ತದೆ.

ಲೋಡ್ ಮಾಡುವಾಗ ಹೊಸ ಹೆಸರಿನ ಖಾಲಿ ಡೇಟಾಬೇಸ್ ಮಾಡಿ ಅದರೊಳಗೆ ಹಾಕಿ. ಈ ಮಾತನ್ನು ಒತ್ತಿ ಹೇಳುತ್ತಿದ್ದೇನೆ, ಕಾರಣ ಇದೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ರಸ್ತೆಗಳೆಲ್ಲ ಹೋದಾಗ, ಮಡಿಕೇರಿ ಕಡೆಯ ಒಂದು ಹೋಂಸ್ಟೇಯವರ ಬುಕ್ಕಿಂಗ್ ಲೆಕ್ಕ ವಾಪಸ್ ತರುವ ಕೆಲಸ ನನ್ನ ಪಾಲಿಗೆ ಬಂತು. ಲ್ಯಾಪ್‌ಟಾಪ್‌ನಲ್ಲಿ ಬ್ಯಾಟರಿ ಸ್ವಲ್ಪವೇ ಇತ್ತು, ಎರಡು ದಿನದಿಂದ ಕರೆಂಟ್ ಇರಲಿಲ್ಲ. ಒಂದು ವಾರದ ಹಿಂದಿನ ಡಂಪ್ ಲೋಡ್ ಆಯಿತು, ಚೆನ್ನಾಗಿ ಬಂತು. ಆಮೇಲೆ ಇನ್ನೊಂದು ಹಳೇ ಫೈಲ್ ಸಿಕ್ಕಿತು, ಅದರಲ್ಲಿ ಏನಿದೆ ಅಂತ ನೋಡಲು ಅದೇ ಡೇಟಾಬೇಸ್‌ಗೆ ಲೋಡ್ ಮಾಡಿದೆ. ಡಂಪ್ ಫೈಲ್‌ನಲ್ಲಿ ಪ್ರತಿ ಟೇಬಲ್‌ಗೂ ಮುಂಚೆ "ಈ ಹೆಸರಿನ ಟೇಬಲ್ ಇದ್ದರೆ ತೆಗೆದುಹಾಕು" ಅನ್ನುವ ಸಾಲು ತಾನಾಗಿಯೇ ಇರುತ್ತದೆ. ಹೊಸದು ಹೋಗಿ ಹಳೆಯದು ಕೂತಿತು. ಮೂಲ ಫೈಲ್ ನನ್ನ ಹತ್ತಿರವೇ ಇದ್ದದ್ದರಿಂದ ಮತ್ತೆ ತಂದೆ. ಆದರೆ ಆ ನಡುವೆ ಅವರು ಫೋನಿನಲ್ಲಿ ಕೇಳಿ ಕೇಳಿ ಸೇರಿಸಿದ್ದ ಹೆಸರುಗಳೆಲ್ಲ ಹೋಗಿದ್ದವು. ಅವರು ಏನೂ ಅನ್ನಲಿಲ್ಲ, ಮತ್ತೆ ಕೂತು ಬರೆದರು. ಆ ಸಂಜೆ ನನಗೆ ಇವತ್ತಿಗೂ ನೆನಪಿದೆ. ನೀವು ಜುಲೈ 3ರದ್ದಕ್ಕೆ ಒಂದು ಹೆಸರು, ಮಾರ್ಚ್ 31ರದ್ದಕ್ಕೆ ಇನ್ನೊಂದು ಹೆಸರು ಕೊಡಿ, ಹೆಸರಿನಲ್ಲೇ ತಾರೀಖು ಇರಲಿ.

38 ಎಂಬಿ ಲೋಡ್ ಆಗಲು ಜಾಸ್ತಿ ಹೊತ್ತು ಬೇಡ. ನಡುವೆ ಕರೆಂಟ್ ಹೋದರೆ ಉಳಿದದ್ದನ್ನು ಸೇರಿಸಲು ಹೋಗದೆ ಆ ಡೇಟಾಬೇಸ್ ತೆಗೆದುಹಾಕಿ ಮೊದಲಿಂದ ಶುರು ಮಾಡಿ. ಎರರ್ ಬಂದರೆ ಲೋಡ್ ಅಲ್ಲೇ ನಿಲ್ಲುತ್ತದೆ, ನಿಲ್ಲಲೂ ಬೇಕು. "ಫೋರ್ಸ್" ಅನ್ನುವ ಆಯ್ಕೆ ಕೊಟ್ಟರೆ ಎರರ್ ದಾಟಿ ಮುಂದೆ ಹೋಗುತ್ತದೆ ಅಂತ ಯಾರಾದರೂ ಹೇಳಿಯಾರು. ಕೇಳಬೇಡಿ. ಅದು ಯಾವ ಸಾಲನ್ನು ಬಿಟ್ಟು ಹೋಯಿತು ಅಂತ ಆಮೇಲೆ ಹುಡುಕುವುದು ದೊಡ್ಡ ಪಾಡು.

ಲೋಡ್ ಆದ ಮೇಲೆ ಸಾಫ್ಟ್‌ವೇರ್ ತೆರೆದರೆ "ಲಾಗಿನ್ ಆಗುತ್ತಿಲ್ಲ" ಅನ್ನಬಹುದು. ಒಂದೇ ಡೇಟಾಬೇಸ್ ಡಂಪ್ ಮಾಡಿದಾಗ ಮೈಎಸ್‌ಕ್ಯೂಎಲ್‌ನ ಬಳಕೆದಾರರು, ಅವರ ಅನುಮತಿ ಅದರಲ್ಲಿ ಬರುವುದಿಲ್ಲ. ಅವನ್ನು ಕೈಯಾರೆ ಮಾಡಬೇಕು, ಹಳೇ ಹೆಸರಿನಲ್ಲೇ ಮಾಡಿ. ಡೇಟಾಬೇಸ್ ಒಳಗೇ ಇರುವ ಪುಟ್ಟ ಪ್ರೋಗ್ರಾಂಗಳಲ್ಲಿ ಟ್ರಿಗರ್‌ಗಳು ಬಂದಿರುತ್ತವೆ. ಆದರೆ ಪ್ರೊಸೀಜರ್, ಫಂಕ್ಷನ್, ಈವೆಂಟ್ ಮೂರೂ ಡಂಪ್ ಮಾಡುವಾಗ ಬೇರೆಯಾಗಿ ಕೇಳಿದ್ದರೆ ಮಾತ್ರ ಬರುತ್ತವೆ. ಬಂದಿಲ್ಲ ಅಂದರೆ ಸಾಫ್ಟ್‌ವೇರ್‌ನವರ ಹತ್ತಿರ ಅವುಗಳ ಮೂಲ ಇರಲೇಬೇಕು, ಕೇಳಿ ಪಡೆಯಿರಿ.

ಬೆಳೆಗಾರರ ಹೆಸರು ಕನ್ನಡದಲ್ಲಿ ಇಟ್ಟಿದ್ದರೆ ತೆರೆದು ಓದಿ ನೋಡಿ. ಹೆಸರಿನ ಜಾಗದಲ್ಲಿ ತಲೆ ಮೇಲೆ ಗೀಟು ಇರುವ ಇಂಗ್ಲಿಷ್ 'ಎ' ಅಕ್ಷರ, ಅದರ ಪಕ್ಕ ಪುಟ್ಟ 2 ಅಥವಾ 3, ಮತ್ತೆ ಅದೇ 'ಎ' ಹೀಗೆ ಸಾಲಾಗಿ ಕಂಡರೆ ಹೆದರಬೇಡಿ. ಕನ್ನಡದ ಪ್ರತಿ ಅಕ್ಷರ ಚಿಹ್ನೆಯೂ ಯುಟಿಎಫ್-8 ಅನ್ನುವ ಅಕ್ಷರ ಸಂಕೇತ ಕ್ರಮದಲ್ಲಿ 3 ಬೈಟ್ ಹಿಡಿಯುತ್ತದೆ. ಅದನ್ನು ಒಂದೊಂದು ಬೈಟ್ ಒಂದೊಂದು ಅಕ್ಷರ ಅಂತ ಓದಿದಾಗ ಹೀಗೆ ಕಾಣುತ್ತದೆ. ಬಹಳ ಸಲ ಡೇಟಾ ಸರಿಯಾಗೇ ಇರುತ್ತದೆ, ಓದುವ ಕಡೆಯ ಸೆಟ್ಟಿಂಗ್ ತಪ್ಪಿರುತ್ತದೆ. ಲೋಡ್ ಮಾಡುವಾಗಲೂ ಓದುವಾಗಲೂ ಯುಟಿಎಫ್‌8ಎಂಬಿ4 (ಮೈಎಸ್‌ಕ್ಯೂಎಲ್‌ನಲ್ಲಿ ಅದೇ ಕ್ರಮದ ಹೆಸರು) ಅಂತ ಸ್ಪಷ್ಟವಾಗಿ ಕೊಟ್ಟು ನೋಡಿ. ಆ ಗಜಿಬಿಜಿ ಹೆಸರನ್ನು ಸರಿಪಡಿಸಲು ಹೋಗಿ ಮೇಲೆ ಟೈಪ್ ಮಾತ್ರ ಮಾಡಬೇಡಿ, ಆಗ ನಿಜವಾಗಿಯೂ ಕೆಡುತ್ತದೆ.

ಇಲ್ಲಿಗೆ ಕಂಪ್ಯೂಟರ್ ಕೆಲಸ ಬಹುಪಾಲು ಆಯಿತು. ನಿಜವಾದ ಕೆಲಸ ಜುಲೈ 3ರ ರಾತ್ರಿಯಿಂದ 14ರ ರಾತ್ರಿವರೆಗಿನ ಆ 11 ದಿನ. ಸಾಫ್ಟ್‌ವೇರನ್ನು ಎಲ್ಲರಿಗೂ ತೆರೆಯುವ ಮೊದಲು ಎರಡು ಕೆಲಸ ಮಾಡಿ. ಒಂದು, ಎಸ್‌ಎಂಎಸ್ ಮತ್ತು ತಾನಾಗೇ ಓಡುವ ಕೆಲಸಗಳನ್ನು ನಿಲ್ಲಿಸಿ. ಡೇಟಾಬೇಸ್‌ಗೆ ಇನ್ನೂ ಜುಲೈ 3 ಅನ್ನುವ ಭಾವನೆ. 10ನೇ ತಾರೀಖು ದುಡ್ಡು ತೆಗೆದುಕೊಂಡು ಹೋದವರಿಗೆ "ನಿಮ್ಮ ಬಾಕಿ ಇಷ್ಟು" ಅಂತ ಮೆಸೇಜ್ ಹೋದರೆ ಊರೆಲ್ಲ ಗೊಂದಲ.

ಇನ್ನೊಂದು, ಬಿಲ್ ನಂಬರ್. ಇದನ್ನು ಮರೆಯುವವರೇ ಜಾಸ್ತಿ. ಜುಲೈ 3ರ ಫೈಲ್‌ನಲ್ಲಿ ಕೊನೆಯ ಬಿಲ್ 8412 ಅಂತ ಇಟ್ಟುಕೊಳ್ಳಿ. ನೀವು ಇವತ್ತು ಹೊಸ ಬಿಲ್ ಮಾಡಿದರೆ ಅದಕ್ಕೆ 8413 ಬರುತ್ತದೆ. ಆದರೆ 8413ರ ಚೀಟಿ ಆಗಲೇ ಒಬ್ಬ ಬೆಳೆಗಾರರ ಮನೆಯ ಕಪಾಟಿನಲ್ಲಿದೆ, ಅದರ ಮೇಲೆ ಬೇರೆ ಹೆಸರು, ಬೇರೆ ತೂಕ ಇದೆ. ಮುಂದೆ ಅವರು ರೇಟ್ ಮಾಡಲು ಬಂದಾಗ ಒಂದೇ ನಂಬರಿಗೆ ಇಬ್ಬರು. ಹಾಗಾಗಿ ಟೇಬಲ್‌ನ ಮುಂದಿನ ನಂಬರನ್ನು ದೂರಕ್ಕೆ ತಳ್ಳಿ, 9001 ಅಂತ ಇಡಿ. ಹೊಸ ವ್ಯವಹಾರ ಅಲ್ಲಿಂದ. 8413ರಿಂದ ಮುಂದಿನ ಜಾಗ ಆ 11 ದಿನದ ಬಿಲ್‌ಗಳಿಗೆ ಕಾದಿರಲಿ, ಅವುಗಳ ಹಳೇ ನಂಬರ್, ಹಳೇ ತಾರೀಖಿನಲ್ಲೇ ಎಂಟ್ರಿ ಆಗಬೇಕು. ಬೆಳೆಗಾರರ ಹೊಸ ಖಾತೆ ನಂಬರಿಗೂ ಇದೇ ಮಾತು.

ಆ ಬಿಲ್‌ಗಳನ್ನು ಎಲ್ಲಿಂದ ತರುವುದು? ಒಂದೇ ಕಡೆ ಎಲ್ಲ ಸಿಗುವುದಿಲ್ಲ, ಆದರೆ ಒಂದೊಂದು ಕಡೆ ಒಂದೊಂದು ಚೂರು ಇದೆ. ಬಿಲ್ ಆದಾಗಲೆಲ್ಲ ಬೆಳೆಗಾರರಿಗೆ ಎಸ್‌ಎಂಎಸ್ ಹೋಗುತ್ತಿದ್ದರೆ, ಎಸ್‌ಎಂಎಸ್ ಕಂಪನಿಯ ಪ್ಯಾನೆಲ್‌ನಲ್ಲಿ ಕಳಿಸಿದ ಮೆಸೇಜುಗಳ ಪಟ್ಟಿ ಇರುತ್ತದೆ: ನಂಬರ್, ಚೀಲ, ತೂಕ, ಗಂಟೆ ಸಮೇತ. ಮೊದಲು ಅದನ್ನೇ ಇಳಿಸಿಕೊಳ್ಳಿ. ದುಡ್ಡು ಕೊಟ್ಟದ್ದಕ್ಕೆ ಬ್ಯಾಂಕ್ ಸ್ಟೇಟ್‌ಮೆಂಟ್, ಯುಪಿಐ ಪಟ್ಟಿ ಇದೆ. ಲಾರಿ ಹೊರಗೆ ಹೋಗಿದ್ದರೆ ವೇ ಬ್ರಿಡ್ಜ್ ಚೀಟಿ ಇದೆ. 50,000 ರೂಪಾಯಿ ದಾಟಿದ ಲೋಡ್‌ಗೆ ಇ-ವೇ ಬಿಲ್ ಮಾಡಿದ್ದರೆ ಅದು ಪೋರ್ಟಲ್‌ನಲ್ಲೇ ಕೂತಿದೆ, ನಿಮ್ಮ ಬರೆಗೂ ಅದಕ್ಕೂ ಸಂಬಂಧವಿಲ್ಲ. ಓಟಿ (ಔಟ್‌ಟರ್ನ್, ಕಾಫಿಯಿಂದ ಸಿಗುವ ಬೀಜದ ಪ್ರಮಾಣ), ತೇವಾಂಶ ಬರೆದ ಪುಸ್ತಕ ಗೋಡೌನಿನಲ್ಲಿ ಉಳಿದಿರಬಹುದು. ವಾಟ್ಸ್‌ಆ್ಯಪ್‌ನಲ್ಲಿ ಚೀಟಿಯ ಫೋಟೋ ಕಳಿಸಿದ್ದೀರಾ ಹುಡುಕಿ. ಕೊನೆಗೆ ಬೆಳೆಗಾರರಿಗೇ ಫೋನ್ ಮಾಡಿ. ಮುಚ್ಚಿಡಬೇಡಿ. "ಬರೆ ಜರಿದು ಕಂಪ್ಯೂಟರ್ ಹೋಗಿದೆ, ಜುಲೈ 4ರಿಂದ 14ರ ಒಳಗೆ ಕೊಟ್ಟ ಕಾಫಿಯ ಚೀಟಿ ಇದ್ದರೆ ಫೋಟೋ ಕಳಿಸಿ" ಅಂತ ನೇರವಾಗಿ ಕೇಳಿ. ಕೊಡಗಿನಲ್ಲಿ ಮಳೆಗೆ ಏನಾಗುತ್ತದೆ ಅಂತ ಯಾರಿಗೂ ವಿವರಿಸಿ ಹೇಳಬೇಕಾಗಿಲ್ಲ. ಒಂದು ರೀತಿಯಲ್ಲಿ ಇದು ಜುಲೈನಲ್ಲಿ ಆಗಿದ್ದು ಪುಣ್ಯ. ರೊಬಸ್ಟಾ ಕೊಯ್ಲಿನ ಜನವರಿ, ಫೆಬ್ರವರಿಯಲ್ಲಿ ಆಗಿದ್ದರೆ 11 ದಿನಕ್ಕೆ ಎಷ್ಟು ಬಿಲ್ ಇರುತ್ತಿತ್ತು, ಯೋಚಿಸಿ.

ಎಂಟ್ರಿಗೆ ಇಬ್ಬರು ಕೂರಿ, ಒಬ್ಬರು ಓದಲಿ, ಒಬ್ಬರು ಟೈಪ್ ಮಾಡಲಿ. ಪ್ರತಿಯೊಂದಕ್ಕೂ ಷರಾ ಜಾಗದಲ್ಲಿ "ಮರು ಎಂಟ್ರಿ" ಅಂತ ಬರೆದು ಆಧಾರ ಯಾವುದು ಅಂತಲೂ ಹಾಕಿ, ಚೀಟಿ, ಎಸ್‌ಎಂಎಸ್ ಅಥವಾ ಬ್ಯಾಂಕ್ ಅಂತ. ನೆನಪಿನಿಂದ ಯಾವುದನ್ನೂ ಹಾಕಬೇಡಿ. ಆಧಾರ ಸಿಗದ ನಂಬರ್ ಖಾಲಿಯೇ ಇರಲಿ.

ಇದೆಲ್ಲ ಸರಿ ಬಂತಾ ಅಂತ ತಿಳಿಯಲು ನಿಮ್ಮ ಹತ್ತಿರ ಒಂದು ಒಳ್ಳೇ ಸಾಕ್ಷಿ ಇದೆ, ಗೋಡೌನ್. ಕಂಪ್ಯೂಟರ್ ಹೇಳುವ ಜುಲೈ 3ರ ಸ್ಟಾಕ್‌ಗೆ 11 ದಿನದಲ್ಲಿ ಬಂದದ್ದನ್ನು ಸೇರಿಸಿ, ಹೋದದ್ದನ್ನು ಕಳೆಯಿರಿ. ಆಮೇಲೆ ಹೋಗಿ ಚೀಲ ಎಣಿಸಿ. ಚೆರಿ ಕಾಫಿ, ಪಾರ್ಚ್‌ಮೆಂಟ್ ಕಾಫಿ, ಮೆಣಸು ಬೇರೆ ಬೇರೆ ಎಣಿಸಿ. ಗೋಡೌನಿನಲ್ಲಿ ಹೆಚ್ಚಿಗೆ 14 ಚೀಲ ಇದೆ ಅಂದರೆ ಯಾರದೋ 14 ಚೀಲ ಎಂಟ್ರಿ ಆಗಿಲ್ಲ ಅಂತ ಅರ್ಥ. ಅದು ಸಿಗುವವರೆಗೆ ಹುಡುಕಿ. ಜೊತೆಗೆ ಮೂವರು ಬೆಳೆಗಾರರ ಖಾತೆ ತೆಗೆದು ಅವರ ಪುಸ್ತಕದ ಜೊತೆ ಕೂತು ತಾಳೆ ನೋಡಿ: ಒಬ್ಬರು ದೊಡ್ಡವರು, ಒಬ್ಬರು 6 ವರ್ಷದ ಹಳಬರು, ಒಬ್ಬರು ಜುಲೈ 3ರಂದೇ ಬಂದುಹೋದವರು.

ಲ್ಯಾಬ್‌ನವರು ಡಿಸ್ಕ್‌ನಿಂದ ಏನಾದರೂ ತೆಗೆದರೆ ಎರಡು ವಸ್ತು ಕೇಳಿ. ಒಂದು, ಮೈಎಸ್‌ಕ್ಯೂಎಲ್‌ನ ಇಡೀ ಡೇಟಾ ಫೋಲ್ಡರ್. ಇನ್ನೊಂದು, ಅದರೊಳಗೇ ಇರುವ ಬೈನರಿ ಲಾಗ್ ಫೈಲ್‌ಗಳು. ಮೈಎಸ್‌ಕ್ಯೂಎಲ್ 8ರಲ್ಲಿ ಈ ಲಾಗ್ ತಾನಾಗೇ ಚಾಲೂ ಇರುತ್ತದೆ, ಯಾರೂ ಬದಲಾಯಿಸದಿದ್ದರೆ 30 ದಿನದ್ದು ಉಳಿದಿರುತ್ತದೆ. ಅಂದರೆ ಜುಲೈ 3ರ ರಾತ್ರಿ 11ರಿಂದ ಬರೆ ಜರಿದ ಗಳಿಗೆವರೆಗಿನ ಪ್ರತಿ ಬದಲಾವಣೆಯೂ ಅದರಲ್ಲಿದೆ. ರಾತ್ರಿ 11ಕ್ಕೆ ಅಂಗಡಿ ಮುಚ್ಚಿತ್ತಾದ್ದರಿಂದ ಎಲ್ಲಿಂದ ಶುರು ಅನ್ನುವ ಗೊಂದಲವೂ ಇಲ್ಲ. ಆದರೆ ಅಷ್ಟರಲ್ಲಿ ನೀವು ಕೈಯಾರೆ ಎಂಟ್ರಿ ಮಾಡಿರುತ್ತೀರಿ. ಹಾಗಾಗಿ ಲಾಗನ್ನು ನಡೆಯುತ್ತಿರುವ ಡೇಟಾಬೇಸ್ ಮೇಲೆ ಓಡಿಸಬೇಡಿ. ಇನ್ನೊಂದು ಕಂಪ್ಯೂಟರ್‌ನಲ್ಲಿ ಜುಲೈ 3ರದ್ದನ್ನು ಮತ್ತೆ ಲೋಡ್ ಮಾಡಿ, ಅದರ ಮೇಲೆ ಲಾಗ್ ಓಡಿಸಿ, ಬಂದ ಬಿಲ್‌ಗಳನ್ನು ನಿಮ್ಮ ಮರು ಎಂಟ್ರಿ ಜೊತೆ ಹೋಲಿಸಿ. ಲಾಗ್ ಸಿಗದೆ ಫೋಲ್ಡರ್ ಮಾತ್ರ ಸಿಕ್ಕಿ, ಮೈಎಸ್‌ಕ್ಯೂಎಲ್ ಏಳುತ್ತಿಲ್ಲ ಅಂದರೆ ಇನ್ನೋಡಿಬಿ ಫೋರ್ಸ್ ರಿಕವರಿ ಅನ್ನುವ ಸೆಟ್ಟಿಂಗ್ ಇದೆ, 1ರಿಂದ 6ರವರೆಗೆ. ಕಾಪಿಯ ಮೇಲೆ ಮಾತ್ರ, 1ರಿಂದ ಒಂದೊಂದೇ ಏರಿಸಿ. 4 ಮತ್ತು ಅದರ ಮೇಲಿನದು ಡೇಟಾವನ್ನೇ ಕಾಯಂ ಆಗಿ ಕೆಡಿಸಬಹುದು.

ಹೊಸ ಬ್ಯಾಕಪ್ ಇವತ್ತು ರಾತ್ರಿಯಿಂದಲೇ ಶುರುವಾಗಲಿ. ಸ್ಕ್ರಿಪ್ಟ್‌ನ ಮೇಲೆ "ಪೈಪ್‌ಫೇಲ್" ಸೆಟ್ಟಿಂಗ್ ಹಾಕಿಸಿ, ಆಗ ಡಂಪ್ ಸೋತರೆ ಇಡೀ ಸಾಲು ಸೋತಂತೆ ಆಗುತ್ತದೆ. ಡಂಪ್ ಪ್ರೋಗ್ರಾಂಗೆ ಸಿಂಗಲ್ ಟ್ರಾನ್ಸಾಕ್ಷನ್, ರೂಟೀನ್ಸ್, ಈವೆಂಟ್ಸ್ ಮೂರು ಆಯ್ಕೆಯೂ ಇರಲಿ. ಸೋತಾಗ ಮೆಸೇಜ್ ಬರುವ ಹಾಗೆ ಇಡುವುದಕ್ಕಿಂತ, ದಿನಾ ಬೆಳಿಗ್ಗೆ ನಿಮ್ಮ ಫೋನಿಗೆ "ಫೈಲ್ ಇಷ್ಟು ಎಂಬಿ, ಕೊನೆಯ ಬಿಲ್ ಇದು" ಅಂತ ಬರುವ ಹಾಗೆ ಇಡಿ. ಕಾಫಿ ಕುಡಿಯುವಾಗ ಆ ನಂಬರ್ ಕಣ್ಣಿಗೆ ಬೀಳಬೇಕು. ಮೆಸೇಜ್ ಬರಲಿಲ್ಲ ಅಂದರೇ ಏನೋ ತಪ್ಪಿದೆ ಅಂತ. ಫೈಲನ್ನು ಎನ್‌ಕ್ರಿಪ್ಟ್ ಮಾಡಿ ಕಳಿಸಿ, ಅದರಲ್ಲಿ ಎಲ್ಲರ ಫೋನ್, ಬ್ಯಾಂಕ್ ಖಾತೆ ಇದೆ. ಅದರ ಪಾಸ್‌ವರ್ಡ್ ಆ ಕಂಪ್ಯೂಟರ್‌ನಲ್ಲಿ ಮಾತ್ರ ಇರಬಾರದು, ಕಾಗದದಲ್ಲಿ ಬರೆದು ಮನೆಯಲ್ಲಿಡಿ.

ಹಾರ್ಡ್ ಡಿಸ್ಕ್ ಕಾಪಿಯನ್ನು ಸರ್ವರ್ ಇರುವ ಕಟ್ಟಡದಲ್ಲಿ ಇಡಬೇಡಿ. 2021ರ ಮಾರ್ಚ್ 10ರಂದು ಫ್ರಾನ್ಸ್‌ನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಡೇಟಾ ಸೆಂಟರ್ ಸುಟ್ಟುಹೋದಾಗ, ಬ್ಯಾಕಪ್ ಕೂಡ ಅಲ್ಲೇ ಇದ್ದ ಗ್ರಾಹಕರು ಎರಡನ್ನೂ ಕಳೆದುಕೊಂಡರು. ಅಲ್ಲಿ ಬೆಂಕಿ, ನಿಮ್ಮಲ್ಲಿ ಮಣ್ಣು. ಗುಡ್ಡದ ಬುಡದಲ್ಲಿಲ್ಲದ ಯಾವುದಾದರೂ ಮನೆ, ಆಗುವುದಾದರೆ ಮೈಸೂರಿನಲ್ಲಿರುವ ನೆಂಟರ ಮನೆ ಒಳ್ಳೆಯದು.

ತಿಂಗಳಿಗೊಮ್ಮೆ ಹಳೇ ಲ್ಯಾಪ್‌ಟಾಪ್ ಒಂದರಲ್ಲಿ ಹಿಂದಿನ ರಾತ್ರಿಯ ಫೈಲನ್ನು ಪೂರ್ತಿ ಲೋಡ್ ಮಾಡಿ, ಒಬ್ಬ ಬೆಳೆಗಾರರ ಖಾತೆ ತೆರೆದು ನೋಡಿ. ಮೊದಲನೆಯದನ್ನು ಸೆಪ್ಟೆಂಬರ್ ಮೊದಲ ವಾರದ ಕೈಲ್‌ಪೊಳ್ದ್ ಹಬ್ಬದ ಮುಂಚೆ ಮಾಡಿಬಿಡಿ, ನಿಮ್ಮ ಅಕೌಂಟೆಂಟ್ ಕೈಯಿಂದಲೇ ಮಾಡಿಸಿ. ಲ್ಯಾಬ್‌ನಿಂದ ವರದಿ ಬಂದ ದಿನ ಅದನ್ನು ಹಾಗೇ ನನಗೆ ಕಳಿಸಿ. ಯಾವ ಫೈಲ್ ಉಳಿದಿದೆ ಅಂತ ನೋಡಿ ಮುಂದಿನ ಹೆಜ್ಜೆ ಹೇಳುತ್ತೇನೆ.